ಈದ ಎಮ್ಮೆ-ಆಕಳುಗಳಲ್ಲಿ ಕೀಟೋಸಿಸ್ ರೋಗ: ಮೇವು ಮತ್ತು ಚಿಕಿತ್ಸೆ

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಬೆಳೆ ಹಬ್ಬಿದೆ. ಸುಗ್ಗಿ ಮುಗಿದ ಮೇಲೆ ಹುಲ್ಲಿಗೆ ಕೊರತೆಯಿಲ್ಲ. ಪಕ್ಕದ ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಒಣ ಬೇಸಾಯದ ಹಳ್ಳಿಗಳಲ್ಲಿ ಜೋಳದ ಕಣಿಕೆ, ತೊಗರಿ ಮತ್ತು ಕಡಲೆಯ ಹೊಟ್ಟು ದನಕರುಗಳ ಮುಖ್ಯ ಆಹಾರ. ಈ ಭಾಗದ ಅನೇಕ ಕುಟುಂಬಗಳಲ್ಲಿ ಒಂದೆರಡು ಎಮ್ಮೆ ಅಥವಾ ಮಿಶ್ರತಳಿ ಆಕಳುಗಳ ಹಾಲೇ ದಿನದ ಕೈಖರ್ಚಿಗೆ ಆಧಾರ. ಸಾಲ ಮಾಡಿ ತಂದ ಎಮ್ಮೆಯ ಕಂತು ಸಹ ಅದೇ ಹಾಲಿನಿಂದ ಸಲ್ಲಬೇಕು.

ಇಂಥ ಮನೆಯಲ್ಲಿ ಎಮ್ಮೆ ಸುಖವಾಗಿ ಈಯುತ್ತದೆ. ಮೊದಲ ಎರಡು ವಾರ 8 ಲೀಟರ್ ಹಾಲು ಕೊಡುತ್ತದೆ. ಮೂರನೆಯ ವಾರದಲ್ಲಿ ದಾಣಿಯನ್ನು ಮೂಸಿ ಬಿಡುತ್ತದೆ, ಹುಲ್ಲನ್ನು ಮಾತ್ರ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಹಾಲು 5 ಲೀಟರಿಗೆ, ಮತ್ತೆ 3 ಲೀಟರಿಗೆ ಇಳಿಯುತ್ತದೆ. ಮೈ ನೋಡನೋಡುತ್ತಲೇ ಕರಗುತ್ತದೆ. ಜ್ವರವಿಲ್ಲ, ಹೊಟ್ಟೆ ಉಬ್ಬರವಿಲ್ಲ, ಕೆಚ್ಚಲು ಬಾವಿಲ್ಲ. ದೃಷ್ಟಿ ತಾಕಿರಬೇಕೆಂದು ಮನೆಯವರು ನಿವಾಳಿಸಿ ಹಾಕುತ್ತಾರೆ. ಬೆಲ್ಲದ ನೀರು ಕುಡಿಸುತ್ತಾರೆ. ಹೀಗೆ ಎಂಟು ಹತ್ತು ದಿನ ಕಳೆದುಹೋಗುತ್ತವೆ.

ಇಂಥ ಸಂದರ್ಭಗಳಲ್ಲಿ ಮೊದಲು ಸಂಶಯಿಸಬೇಕಾದ ರೋಗಗಳಲ್ಲಿ ಕೀಟೋಸಿಸ್ ಒಂದು. ಇದು ರೋಗಾಣುವಿನಿಂದ ಬರುವುದಿಲ್ಲ, ಒಂದು ದನದಿಂದ ಇನ್ನೊಂದಕ್ಕೆ ಅಂಟುವುದೂ ಇಲ್ಲ. ಇದು ಗೋದಲಿಯಲ್ಲಿ ಹುಟ್ಟುವ ರೋಗ. ಆದುದರಿಂದ ಇದರ ಚಿಕಿತ್ಸೆ ಪಶುವೈದ್ಯರ ಸೂಜಿಯಿಂದ ಆರಂಭವಾದರೂ ರೈತನ ಗೋದಲಿಯಲ್ಲಿಯೇ ಮುಗಿಯಬೇಕು.

ರೋಗ ಬರುವ ಬಗೆ

ಹಾಲಿನಲ್ಲಿರುವ ಸಿಹಿ ಅಂಶಕ್ಕೆ ಲ್ಯಾಕ್ಟೋಸ್ ಎಂದು ಹೆಸರು. ಹಾಲಿನಲ್ಲಿ ಇದು ಸುಮಾರು ಶೇ. 5 ರಷ್ಟಿರುತ್ತದೆ. ದಿನಕ್ಕೆ 8 ಲೀಟರ್ ಹಾಲು ಕೊಡುವ ಎಮ್ಮೆಯ ದೇಹದಿಂದ ಹಾಲಿನ ಮೂಲಕವೇ ಸುಮಾರು 400 ಗ್ರಾಂ ಸಕ್ಕರೆ ಅಂಶ ಹೊರಹೋಗುತ್ತದೆ. ಇದನ್ನು ಕೆಚ್ಚಲು ರಕ್ತದಲ್ಲಿರುವ ಗ್ಲೂಕೋಸಿನಿಂದ ತಯಾರಿಸುತ್ತದೆ. ಮನುಷ್ಯರು ಉಂಡ ಅನ್ನ-ರೊಟ್ಟಿ ಜೀರ್ಣವಾಗಿ ನೇರವಾಗಿ ಗ್ಲೂಕೋಸ್ ಆಗುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಹಾಗಲ್ಲ. ತಿಂದ ಮೇವನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲು ಹುಳಿಯಿಸಿ ಕೆಲವು ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಅವುಗಳಲ್ಲಿ ಪ್ರೊಪಿಯಾನಿಕ್ ಆಮ್ಲವೆಂಬುದನ್ನು ಯಕೃತ್ತು ಅಂದರೆ ಪಿತ್ತಜನಕಾಂಗ ಗ್ಲೂಕೋಸಾಗಿ ಪರಿವರ್ತಿಸುತ್ತದೆ. ಕಾಳು ಮತ್ತು ಒಳ್ಳೆಯ ಹಸಿರು ಮೇವು ತಿಂದಾಗ ಈ ಆಮ್ಲ ಸಾಕಷ್ಟು ಹುಟ್ಟುತ್ತದೆ. ಬರೀ ಒಣ ಹುಲ್ಲು ತಿಂದಾಗ ಅದು ಸಾಲದು.

ಕರು ಹಾಕಿದ ಮೇಲೆ ಹಾಲು ಬೇಗನೆ ಏರುತ್ತದೆ, ಆದರೆ ತಿನ್ನುವ ಶಕ್ತಿ ಅಷ್ಟು ಬೇಗನೆ ಏರುವುದಿಲ್ಲ. ಈ ಅಂತರವನ್ನು ತುಂಬಲು ದೇಹವು ತನ್ನ ಕೊಬ್ಬನ್ನು ಕರಗಿಸುತ್ತದೆ. ಕರಗಿದ ಕೊಬ್ಬು ಯಕೃತ್ತನ್ನು ಸೇರುತ್ತದೆ. ಅಲ್ಲಿ ಅದು ಪೂರ್ಣ ಬಳಕೆಯಾಗದೆ ಕೀಟೋನ್ ಎಂಬ ವಸ್ತುಗಳಾಗಿ ಮಾರ್ಪಟ್ಟು ರಕ್ತ, ಹಾಲು ಮತ್ತು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಕೀಟೋನ್ ಹೆಚ್ಚಾದಂತೆ ಹಸಿವು ಸಾಯುತ್ತದೆ. ಹಸಿವು ಸತ್ತಷ್ಟೂ ಮೇವು ಕಡಿಮೆಯಾಗಿ ಕೊಬ್ಬು ಮತ್ತಷ್ಟು ಕರಗುತ್ತದೆ. ಈ ಸುಳಿಯಿಂದ ದನ ತಾನಾಗಿ ಹೊರಬರುವುದು ಕಷ್ಟ.

ಸಕ್ಕರೆ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ

ಮೂತ್ರದಲ್ಲಿ ಕೀಟೋನ್ ಎಂಬ ಮಾತು ಕೇಳಿದಾಗ ಇದೂ ಮನುಷ್ಯರ ಸಕ್ಕರೆ ಕಾಯಿಲೆಯೇ ಎಂದು ಕೆಲವರು ಭಾವಿಸುತ್ತಾರೆ. ಮನುಷ್ಯರಿಗೆ, ಹಾಗೆಯೇ ಮನೆಯ ನಾಯಿ-ಬೆಕ್ಕುಗಳಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಗ್ಲೂಕೋಸ್ ಹೇರಳವಾಗಿರುತ್ತದೆ. ಇನ್ಸುಲಿನ್ ಕೊರತೆಯಿಂದ ಅಥವಾ ಅದು ಸರಿಯಾಗಿ ಕೆಲಸ ಮಾಡದೆ ಆ ಗ್ಲೂಕೋಸ್ ದೇಹಕ್ಕೆ ದಕ್ಕುವುದಿಲ್ಲ. ಈದ ಎಮ್ಮೆ-ಆಕಳಿನ ಕೀಟೋಸಿಸ್‌ನಲ್ಲಿ ಸಾಮಾನ್ಯವಾಗಿ ಗ್ಲೂಕೋಸೇ ಸಾಲದಾಗಿರುತ್ತದೆ. ಅಲ್ಲಿ ಕಣಜ ತುಂಬಿದ್ದು ಬಾಗಿಲು ಮುಚ್ಚಿದೆ. ಇಲ್ಲಿ ಕಣಜವೇ ಬರಿದಾಗಿದೆ. ಆದುದರಿಂದ ಮನೆಯಲ್ಲಿ ಯಾರಿಗೋ ತಂದಿಟ್ಟ ಇನ್ಸುಲಿನ್ನನ್ನು ದನಕ್ಕೆ ಚುಚ್ಚುವ ಸಾಹಸ ಎಂದಿಗೂ ಮಾಡಬಾರದು. ರಕ್ತದ ಸಕ್ಕರೆ ಇನ್ನಷ್ಟು ಇಳಿದು ದನ ಕುಸಿದು ಬೀಳಬಹುದು.

ಯಾವ ದನಗಳಿಗೆ ಹೆಚ್ಚು?

ಕರು ಹಾಕಿದ ಮೊದಲ ಆರು ವಾರಗಳಲ್ಲಿ ಈ ರೋಗ ಹೆಚ್ಚು. ಹೆಚ್ಚು ಹಾಲು ಕೊಡುವ ಮಿಶ್ರತಳಿ ಆಕಳುಗಳು, ಮುರ್ರಾ ಮುಂತಾದ ಒಳ್ಳೆಯ ಎಮ್ಮೆಗಳು, ಮೂರನೆಯ ಸೂಲಿನಿಂದ ಮುಂದಿನವು ಇದಕ್ಕೆ ಬೇಗ ತುತ್ತಾಗುತ್ತವೆ. ಗಬ್ಬದ ಕೊನೆಯಲ್ಲಿ ಅತಿಯಾಗಿ ಕೊಬ್ಬಿದ ದನಕ್ಕೂ ಈ ರೋಗ ಬರುತ್ತದೆ; ಈದ ಮೇಲೆ ಅದು ಕಡಿಮೆ ತಿಂದು ಕೊಬ್ಬನ್ನು ಒಮ್ಮೆಲೇ ಕರಗಿಸುತ್ತದೆ. ಕೆಚ್ಚಲು ಬಾವು, ಮಾಸ ಬೀಳದಿರುವುದು, ತಂತಿ-ಮೊಳೆ ನುಂಗಿದ್ದು ಮುಂತಾದ ಬೇರೆ ಕಾರಣದಿಂದ ದನ ಮೇವು ಬಿಟ್ಟಾಗ ಕೀಟೋಸಿಸ್ ಅದರ ಹಿಂದೆಯೇ ಬರುವುದುಂಟು. ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಲಕ್ಷಣಗಳು

1. ಮೊದಲು ದಾಣಿ ಬಿಡುತ್ತದೆ, ನಂತರ ಹಸಿರು ಮೇವು, ಕೊನೆಗೆ ಒಣ ಹುಲ್ಲು. ಕೆಲವು ದನಗಳು ಮಣ್ಣು, ಗೋಡೆ ನೆಕ್ಕುತ್ತವೆ.

2. ಹಾಲು ದಿನದಿಂದ ದಿನಕ್ಕೆ ಇಳಿಯುತ್ತದೆ, ಮೈ ಬೇಗ ಸೊರಗುತ್ತದೆ.

3. ಸಗಣಿ ಗಟ್ಟಿಯಾಗಿ, ಮೇಲೆ ಲೋಳೆ ಕಟ್ಟಿದಂತೆ ಹೊಳೆಯುತ್ತದೆ. ಮೆಲುಕು ಕಡಿಮೆಯಾಗುತ್ತದೆ.

4. ಉಸಿರು, ಹಾಲು ಮತ್ತು ಮೂತ್ರಕ್ಕೆ ಕೊಳೆಯಲಾರಂಭಿಸಿದ ಹಣ್ಣಿನಂಥ ಸಿಹಿ ವಾಸನೆ ಬರಬಹುದು. ಎಲ್ಲರ ಮೂಗಿಗೂ ಇದು ತಿಳಿಯುವುದಿಲ್ಲ.

5. ಸಾಮಾನ್ಯವಾಗಿ ಜ್ವರ ಇರುವುದಿಲ್ಲ.

ಹಾಲಿನ ಸಂಘಕ್ಕೆ ಹಾಲು ಹಾಕುವ ರೈತರಿಗೆ ಇನ್ನೊಂದು ಸೂಚನೆ ದೊರೆಯುತ್ತದೆ. ದೇಹದ ಕೊಬ್ಬು ಕರಗಿ ಹಾಲಿಗೆ ಸೇರುವುದರಿಂದ ಫ್ಯಾಟ್ ಅಂಶ ಏರಬಹುದು; ಹಾಲಿನ ಪ್ರೋಟೀನ್ ಮಾತ್ರ ಇಳಿಯುತ್ತದೆ. ಈದ ಮೊದಲ ತಿಂಗಳಲ್ಲಿ ಹಾಲು ಇಳಿಯುತ್ತಿರುವಾಗ ಚೀಟಿಯಲ್ಲಿ ಫ್ಯಾಟ್ ಹಠಾತ್ತನೆ ಏರಿದ್ದರೆ ಅದನ್ನು ಲಾಭವೆಂದು ಎಣಿಸದೆ ದನವನ್ನು ಪರೀಕ್ಷೆ ಮಾಡಿಸಬೇಕು.

ಕೆಲವು ದನಗಳಲ್ಲಿ ರೋಗ ನರಮಂಡಲಕ್ಕೆ ತಟ್ಟುತ್ತದೆ. ದನ ಸುತ್ತು ತಿರುಗುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ತನ್ನ ಮೈಯನ್ನೇ ನೆಕ್ಕುತ್ತದೆ, ಬಾಯಿ ಆಡಿಸುತ್ತ ಜೊಲ್ಲು ಸುರಿಸುತ್ತದೆ, ಒದರುತ್ತದೆ. ಹುಚ್ಚುನಾಯಿ ಕಡಿದ ದನದಲ್ಲಿಯೂ ಇಂಥವೇ ಲಕ್ಷಣಗಳು ಕಾಣುತ್ತವೆ. ಪಶುವೈದ್ಯರು ಬಂದು ನೋಡುವವರೆಗೆ ಇಂಥ ದನದ ಬಾಯಿಗೆ ಕೈ ಹಾಕಬಾರದು. ಗೊಟ್ಟದಿಂದ ಏನನ್ನೂ ಕುಡಿಸಬಾರದು. ಅದರ ಹಾಲನ್ನು ಬಳಸಬಾರದು.

ಪತ್ತೆ ಹಚ್ಚುವುದು

ಹಾಲುಜ್ವರಕ್ಕೂ ಕೀಟೋಸಿಸ್‌ಗೂ ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ಹಾಲುಜ್ವರ ಹೆಚ್ಚಾಗಿ ಈದ ಮೂರು ದಿನಗಳೊಳಗೆ ಬರುತ್ತದೆ. ಕಿವಿ ತಣ್ಣಗಾಗಿ, ದನ ಏಳಲಾರದೆ ಕುತ್ತಿಗೆಯನ್ನು ಪಕ್ಕೆಗೆ ಮಡಚಿ ಮಲಗುತ್ತದೆ. ಅದು ಸುಣ್ಣದ ಅಂಶದ ಅಂದರೆ ಕ್ಯಾಲ್ಸಿಯಂ ಕೊರತೆ. ಕೀಟೋಸಿಸ್ ಬಂದ ದನ ಸಾಮಾನ್ಯವಾಗಿ ನಿಂತಿರುತ್ತದೆ, ನಡೆದಾಡುತ್ತದೆ, ಆದರೆ ಕರಗುತ್ತದೆ. ಕೆಲವೊಮ್ಮೆ ಎರಡೂ ಒಂದರ ಹಿಂದೆ ಒಂದು ಬರುತ್ತವೆ.

ಪಶು ಆಸ್ಪತ್ರೆಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವುದು ರಾಥೆರಾ ಪರೀಕ್ಷೆ. ಹಾಲಿಗೆ ಅಥವಾ ಮೂತ್ರಕ್ಕೆ ಗೊತ್ತಾದ ರಾಸಾಯನಿಕಗಳನ್ನು ಬೆರೆಸಿದಾಗ ನೇರಳೆ ಬಣ್ಣ ಬಂದರೆ ಕೀಟೋನ್ ಇದೆ ಎಂದರ್ಥ. ಮೂತ್ರದ ಪರೀಕ್ಷೆ ಬಹಳ ಸೂಕ್ಷ್ಮ, ಆರೋಗ್ಯವಾದ ದನದಲ್ಲಿಯೂ ಸ್ವಲ್ಪ ಬಣ್ಣ ತೋರಬಹುದು. ಹಾಲಿನಲ್ಲಿಯೂ ಬಣ್ಣ ಬಂದರೆ ಸಂಶಯ ಬಲವಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಕೀಟೋನ್ ನೋಡುವ ಕಾಗದದ ಪಟ್ಟಿಗಳು ಔಷಧಿ ಅಂಗಡಿಯಲ್ಲಿ ದೊರೆಯುತ್ತವೆ. ದನದ ಹೊಸ ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟೇ ಸೆಕೆಂಡು ಬಿಟ್ಟು, ಬಣ್ಣವನ್ನು ಹೋಲಿಸಿ ನೋಡಬಹುದು. ತಡಮಾಡಿದರೆ ಬಣ್ಣ ಗಾಢವಾಗಿ ತಪ್ಪು ದಾರಿಗೆ ಎಳೆಯುತ್ತದೆ. ಒಂದು ಹನಿ ರಕ್ತದಲ್ಲಿ ಕೀಟೋನ್ ಅಳೆಯುವ ಕೈ ಯಂತ್ರಗಳೂ ಈಗ ಇವೆ. ರಕ್ತದಲ್ಲಿ ಕೀಟೋನ್ ಪ್ರಮಾಣ 1.2 ಮಿಲಿಮೋಲ್ ದಾಟಿದರೆ ಹೊರಗೆ ಲಕ್ಷಣ ಕಾಣದಿದ್ದರೂ ರೋಗ ಒಳಗೇ ಆರಂಭವಾಗಿದೆ ಎಂದು ಪರಿಗಣಿಸಲಾಗುತ್ತದೆ.

ಚಿಕಿತ್ಸೆಯ ಆಯ್ಕೆ

ರಕ್ತನಾಳಕ್ಕೆ ಗ್ಲೂಕೋಸ್: ಶೇ. 50 ರ ಡೆಕ್ಸ್ಟ್ರೋಸ್ ದ್ರಾವಣವಾದರೆ ದೊಡ್ಡ ದನಕ್ಕೆ ಸುಮಾರು 500 ಮಿ.ಲೀ. ಕೊಡುವುದು ವಾಡಿಕೆ. ದನ ಸ್ವಲ್ಪ ಹೊತ್ತಿನಲ್ಲೇ ಚುರುಕಾಗುತ್ತದೆ. ಆದರೆ ಒಂದು ಬಾಟಲಿ ಏರಿಸಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಮತ್ತೆ ಇಳಿಯುತ್ತದೆ. ಒಂದು ಬಾಟಲಿ ಹಾಕಿಸಿ ರೋಗ ಹೋಯಿತೆಂದು ಸುಮ್ಮನಾದ ಮನೆಗಳಲ್ಲಿ ಮೂರನೆಯ ದಿನ ದನ ಮತ್ತೆ ದಾಣಿ ಬಿಡುವುದು ಇದರಿಂದಲೇ. ಗಾಢ ಗ್ಲೂಕೋಸನ್ನು ಚರ್ಮದಡಿ ಚುಚ್ಚಿದರೆ ಬಾವು ಬರುತ್ತದೆ. ಈ ಕೆಲಸವನ್ನು ಪಶುವೈದ್ಯರೇ ಮಾಡಬೇಕು.

ಬಾಯಿಯ ಮೂಲಕ ಪ್ರೊಪಿಲೀನ್ ಗ್ಲೈಕಾಲ್: ಯಕೃತ್ತು ಇದನ್ನು ಗ್ಲೂಕೋಸಾಗಿ ಪರಿವರ್ತಿಸಿಕೊಳ್ಳುತ್ತದೆ. ಆಕಳಿಗೆ ದಿನಕ್ಕೆ ಒಂದು ಸಲ ಸುಮಾರು 300 ಮಿ.ಲೀ. ನಂತೆ 3 ರಿಂದ 5 ದಿನ ಕೊಡುವುದು ರೂಢಿ. ದನದ ತೂಕ ನೋಡಿ ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ. ಬಾಟಲಿ ಗ್ಲೂಕೋಸಿನ ಪರಿಣಾಮವನ್ನು ಹಿಡಿದಿಡುವುದು ಇದೇ. ಆದುದರಿಂದ ಹೇಳಿದಷ್ಟು ದಿನವನ್ನೂ ಪೂರೈಸಬೇಕು. ಪಶುಗಳಿಗೆಂದು ತಯಾರಿಸಿದ ಔಷಧವನ್ನೇ ಕೊಳ್ಳಬೇಕು. ಹೆಸರು ಹತ್ತಿರವಿರುವ ಎಥಿಲೀನ್ ಗ್ಲೈಕಾಲ್ ಟ್ರ್ಯಾಕ್ಟರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿರುತ್ತದೆ. ಅದು ಘೋರ ವಿಷ. ಕುಡಿಸುವಾಗ ತಲೆಯನ್ನು ಅತಿ ಮೇಲೆ ಎತ್ತಬಾರದು, ನಾಲಿಗೆ ಎಳೆದು ಹಿಡಿಯಬಾರದು, ಕೆಮ್ಮಿದೊಡನೆ ತಲೆ ಬಿಡಬೇಕು. ಶ್ವಾಸಕೋಶಕ್ಕೆ ಔಷಧ ಇಳಿದರೆ ದನ ಉಳಿಯುವುದು ಕಷ್ಟ.

ಸ್ಟೀರಾಯ್ಡ್ ಚುಚ್ಚುಮದ್ದು: ಡೆಕ್ಸಾಮೆಥಾಸೋನ್‌ನಂಥ ಔಷಧ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹಾಲನ್ನು ಕೆಲ ದಿನ ತಗ್ಗಿಸಿ ಹೊರೆ ಇಳಿಸುತ್ತದೆ. ಆದರೆ ಕೆಚ್ಚಲು ಬಾವು, ಗರ್ಭಕೋಶದ ಕೀವು ಇರುವ ದನಕ್ಕೆ ಇದು ಅಪಾಯ, ಏಕೆಂದರೆ ರೋಗ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ತುಂಬು ಗಬ್ಬದ ದನಕ್ಕೆ ಕೊಟ್ಟರೆ ಗಬ್ಬ ಇಳಿಯಬಹುದು. ಬೇರೆ ರೋಗವಿಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆಯೇ ಇದನ್ನು ಬಳಸಬೇಕು. ಚುಚ್ಚಿದ ನಂತರ ಎಷ್ಟು ದಿನ ಹಾಲನ್ನು ಮಾರಬಾರದು ಎಂಬುದನ್ನೂ ಕೇಳಿ ತಿಳಿಯಬೇಕು.

ಬೆಲ್ಲ ಕುಡಿಸಿದರೆ ಸಾಲದೇಕೆ?

ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದರೆ ಬೆಲ್ಲ ಕುಡಿಸುವುದು ಸಹಜವಾಗಿ ತೋಚುವ ಉಪಾಯ. ಆದರೆ ಬೆಲ್ಲವೂ ಮೊದಲು ದೊಡ್ಡ ಹೊಟ್ಟೆಗೇ ಹೋಗುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿಬಿಡುತ್ತವೆ. ರಕ್ತಕ್ಕೆ ಗ್ಲೂಕೋಸಾಗಿ ಸೇರುವುದು ಅತ್ಯಲ್ಪ. ಹುಳಿಯುವಾಗ ಹುಟ್ಟುವ ಬ್ಯುಟಿರಿಕ್ ಆಮ್ಲ ಕೀಟೋನನ್ನೇ ಹೆಚ್ಚಿಸುವಂಥದು. ದಾಣಿಗೆ ರುಚಿ ಬರಲೆಂದು ಹಿಡಿಯಷ್ಟು ಬೆಲ್ಲ ಬೆರೆಸಲು ಅಡ್ಡಿಯಿಲ್ಲ, ಅದನ್ನೇ ಔಷಧವೆಂದು ನಂಬಿ ದಿನ ಕಳೆಯಬಾರದು.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕರ. ಸೊರಗಿದ ಎಮ್ಮೆಗೆ ಶಕ್ತಿ ಬರಲೆಂದು ಒಮ್ಮೆಲೇ ಬುಟ್ಟಿ ತುಂಬ ಅನ್ನ, ನುಚ್ಚು ಅಥವಾ ಭತ್ತ ಇಡುವುದು. ರೂಢಿಯಿಲ್ಲದ ದನದ ದೊಡ್ಡ ಹೊಟ್ಟೆಯಲ್ಲಿ ಇದರಿಂದ ವಿಪರೀತ ಹುಳಿ ಹುಟ್ಟಿ ದನ ಒಂದೆರಡು ದಿನಗಳಲ್ಲೇ ಸಾಯಬಹುದು. ಕಾಳನ್ನು ಹೆಚ್ಚಿಸುವುದು ಸರಿ, ಆದರೆ ಮೆಲ್ಲಗೆ.

ಮೇವಿನ ಲೆಕ್ಕ

ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3 ರಿಂದ 4 ರಷ್ಟು ಮಾತ್ರ. ಎಮ್ಮೆ 8 ಕಿಲೋ ಹುಲ್ಲು ತಿಂದರೆ ದೊರೆಯುವುದು ಸುಮಾರು 280 ಗ್ರಾಂ, ಅದರಲ್ಲಿಯೂ ಜೀರ್ಣವಾಗುವುದು ಸ್ವಲ್ಪವೇ. ಅದೇ ಎಮ್ಮೆ ಕೊಡುವ 8 ಲೀಟರ್ ಹಾಲಿನಲ್ಲಿ 300 ಗ್ರಾಂಗೂ ಹೆಚ್ಚು ಪ್ರೋಟೀನ್ ಮತ್ತು ಅರ್ಧ ಕಿಲೋಗೂ ಮಿಕ್ಕಿದ ಕೊಬ್ಬು ಹೊರಹೋಗುತ್ತದೆ. ಹುಲ್ಲಿನಿಂದ ಹೊಟ್ಟೆ ತುಂಬುತ್ತದೆ, ಲೆಕ್ಕ ತುಂಬುವುದಿಲ್ಲ. ಜೋಳದ ಕಣಿಕೆ ಇದಕ್ಕಿಂತ ಸ್ವಲ್ಪ ಮೇಲು. ಸಿಂಧನೂರಿನ ರೈತರು ಮಸ್ಕಿ, ಲಿಂಗಸುಗೂರು ಕಡೆಯಿಂದ ಕಣಿಕೆ, ತೊಗರಿ ಹೊಟ್ಟು ತಂದು ಭತ್ತದ ಹುಲ್ಲಿನೊಡನೆ ಬೆರೆಸಿ ಹಾಕಿದರೆ ಅನುಕೂಲ.

ಹುಲ್ಲನ್ನು ಯೂರಿಯಾದಿಂದ ಹದಗೊಳಿಸಬಹುದು. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ, ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾ ನೀರು ದನದ ಬಾಯಿಗೆ ಸಿಕ್ಕರೆ ವಿಷ, ಬಕೆಟ್ಟನ್ನು ಹಾಗೆಯೇ ಬಿಟ್ಟು ಹೋಗಬಾರದು.

ದಾಣಿಯನ್ನು ಮನೆಯಲ್ಲಿಯೇ ಮಿಶ್ರ ಮಾಡಿಕೊಳ್ಳಬಹುದು. 100 ಕಿಲೋ ಮಿಶ್ರಣಕ್ಕೆ:

ಒಡೆದ ಜೋಳ, ಮೆಕ್ಕೆಜೋಳ ಅಥವಾ ಸಜ್ಜೆ – 35 ಕಿಲೋ
ಶೇಂಗಾ ಹಿಂಡಿ ಅಥವಾ ಹತ್ತಿಕಾಳು ಹಿಂಡಿ – 30 ಕಿಲೋ
ಗೋಧಿ ಬೂಸಾ, ಭತ್ತದ ತೌಡು, ತೊಗರಿ ನುಚ್ಚು-ಸಿಪ್ಪೆ ಸೇರಿ – 32 ಕಿಲೋ
ಖನಿಜ ಮಿಶ್ರಣ – 2 ಕಿಲೋ
ಉಪ್ಪು – 1 ಕಿಲೋ

ಬೂಷ್ಟು ಹಿಡಿದ ಹಿಂಡಿ ಬಳಸಬಾರದು. ದೇಹದ ಪೋಷಣೆಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ದಾಣಿ, ಅದರ ಮೇಲೆ ಎಮ್ಮೆಯ ಪ್ರತಿ 2 ಲೀಟರ್ ಹಾಲಿಗೆ ಅಥವಾ ಆಕಳಿನ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ ದಾಣಿ ಬೇಕು. ಇದನ್ನು ಎರಡು ಮೂರು ಹೊತ್ತಿಗೆ ಹಂಚಿ ಕೊಡಬೇಕು. ಅಲಸಂದೆ, ಕುದುರೆ ಮೆಂತ್ಯ ಮುಂತಾದ ದ್ವಿದಳ ಹಸಿರು ಮೇವು 15-20 ಕಿಲೋ ದೊರೆತರೆ ದಾಣಿಯನ್ನು ಸುಮಾರು ಒಂದು ಕಿಲೋ ತಗ್ಗಿಸಬಹುದು. ಕಾಲುವೆ ನೀರು ನಿಲ್ಲುವ ದಿನಗಳನ್ನು ಗಮನದಲ್ಲಿಟ್ಟು ಹಸಿರು ಮೇವನ್ನು ಮೊದಲೇ ಬೆಳೆದು ರಸಮೇವು ಮಾಡಿಡುವುದು ಜಾಣತನ. ಎಳೆಯ ಜೋಳ ಮತ್ತು ಕೂಳೆ ಜೋಳದ ಚಿಗುರು ವಿಷಕಾರಿ. ಹೂ ಬಿಟ್ಟ ಮೇಲೆಯೇ ಜೋಳದ ಹಸಿ ಮೇವು ಹಾಕಬೇಕು.

ಈಯುವ ಮೊದಲು ಮತ್ತು ನಂತರ

ಈಯುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಬೇಕು. ದನ ಸಾಧಾರಣ ಮೈತುಂಬಿರಬೇಕು. ಪಕ್ಕೆಲುಬು ಎಣಿಸುವಷ್ಟು ಬಡವಾಗಿರಬಾರದು, ಬಾಲದ ಬುಡದಲ್ಲಿ ಕೊಬ್ಬು ಉಂಡೆಗಟ್ಟುವಷ್ಟು ಕೊಬ್ಬಿರಲೂಬಾರದು. ಕೊನೆಯ ಮೂರು ವಾರ ದಾಣಿಯನ್ನು 1 ಕಿಲೋದಿಂದ ಆರಂಭಿಸಿ ಈಯುವ ಹೊತ್ತಿಗೆ ಎರಡೂವರೆ ಕಿಲೋಗೆ ಮೆಲ್ಲನೆ ಏರಿಸಬೇಕು. ಇದರಿಂದ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಕಾಳಿಗೆ ಒಗ್ಗಿಕೊಳ್ಳುತ್ತವೆ. ಈದ ನಂತರ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಹೆಚ್ಚಿಸುತ್ತ ಹಾಲಿನ ಲೆಕ್ಕಕ್ಕೆ ತಲುಪಿಸಬೇಕು. ಒಮ್ಮೆ ಕೀಟೋಸಿಸ್ ಬಂದ ದನಕ್ಕೆ ಮುಂದಿನ ಸೂಲಿನಲ್ಲಿಯೂ ಬರುವ ಸಂಭವವಿರುವುದರಿಂದ ಈದ ಎರಡನೆಯ ವಾರದಲ್ಲೇ ಅದರ ಹಾಲು ಅಥವಾ ಮೂತ್ರ ಪರೀಕ್ಷಿಸಿಕೊಳ್ಳಬೇಕು.

ಗಬ್ಬದ ಕುರಿಗಳಲ್ಲಿ ಇದೇ ತೊಂದರೆ

ಲಿಂಗಸುಗೂರು ಮತ್ತು ಸಿಂಧನೂರು ಭಾಗ ಕೆಂಗುರಿ ಕುರಿ ತಳಿಯ ನೆಲೆ. ಕುರಿಗಳಲ್ಲಿ ಇದೇ ರೀತಿಯ ತೊಂದರೆ ಈದ ಮೇಲೆ ಬರುವುದಿಲ್ಲ, ಈಯುವ ಮೊದಲು ಬರುತ್ತದೆ. ಹೊಟ್ಟೆಯಲ್ಲಿರುವ ಮರಿಯ ಬೆಳವಣಿಗೆಯ ಹೆಚ್ಚಿನ ಪಾಲು ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಅವಳಿ ಮರಿ ಹೊತ್ತ ಅಥವಾ ಮೇವಿಲ್ಲದೆ ಬಡವಾದ ಕುರಿ ಹಿಂಡಿನಿಂದ ಹಿಂದುಳಿದು ಒಂಟಿಯಾಗಿ ನಿಲ್ಲುತ್ತದೆ, ಕುರುಡಾದಂತೆ ನಡೆಯುತ್ತದೆ, ಹಲ್ಲು ಕಡಿಯುತ್ತದೆ, ಕೊನೆಗೆ ನೆಲ ಹಿಡಿಯುತ್ತದೆ. ನೆಲ ಹಿಡಿದ ಕುರಿಯನ್ನು ಉಳಿಸುವುದು ದುಸ್ತರ. ಗಬ್ಬದ ಕೊನೆಯ ಆರು ವಾರ ದಿನಕ್ಕೆ 200-300 ಗ್ರಾಂ ಜೋಳದ ನುಚ್ಚು-ಹಿಂಡಿ ಮಿಶ್ರಣ ಕೊಡುವುದೇ ಇದಕ್ಕೆ ಮದ್ದು. ಈ ಅವಧಿಯಲ್ಲಿ ಒಂದು ದಿನವೂ ಉಪವಾಸ ಕೆಡವಬಾರದು, ದೂರದ ಪ್ರಯಾಣ ಮಾಡಿಸಬಾರದು.

ನೆನಪಿಡಬೇಕಾದುದು

ಈದ ದನ ಜ್ವರವಿಲ್ಲದೆ ದಾಣಿ ಬಿಟ್ಟು ಹುಲ್ಲು ಮಾತ್ರ ತಿಂದರೆ ಎರಡನೆಯ ದಿನವೇ ಪಶುವೈದ್ಯರಿಗೆ ತಿಳಿಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ವೈದ್ಯರು ಬಂದಾಗ ಈದ ದಿನಾಂಕ, ಹಾಲಿನ ಇಳಿತ ಮತ್ತು ದಿನಕ್ಕೆ ಹಾಕುತ್ತಿರುವ ಮೇವಿನ ತೂಕ, ಈ ಮೂರನ್ನು ತಪ್ಪದೆ ಹೇಳಬೇಕು. ಮೊದಲ ವಾರದಲ್ಲೇ ಚಿಕಿತ್ಸೆ ದೊರೆತ ದನ ಸಾಮಾನ್ಯವಾಗಿ ಚೇತರಿಸಿಕೊಂಡು ಹಾಲಿಗೆ ಮರಳುತ್ತದೆ. ತಡವಾದರೆ ಯಕೃತ್ತು ಕೊಬ್ಬಿ ಕೆಡುತ್ತದೆ, ಆ ಸೂಲಿನ ಹಾಲು ಹೋಗುತ್ತದೆ, ಮತ್ತೆ ಬೆದೆಗೆ ಬರುವುದೂ ತಡವಾಗುತ್ತದೆ. ಗ್ಲೂಕೋಸ್ ಬಾಟಲಿ ಕೊಡುವುದು ಕೆಲವು ಗಂಟೆಗಳ ಬಿಡುವು ಮಾತ್ರ. ಆ ಬಿಡುವಿನಲ್ಲಿ ಗೋದಲಿಯನ್ನು ಸರಿಪಡಿಸಿದ ರೈತನ ಎಮ್ಮೆ ಉಳಿಯುತ್ತದೆ.